ತಲೆ ಎಣಿಸುವ ದಿನ

ಮಾರ್ಚ್ 9

ಅಕ್ಕಾ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಜಾಗ ಉಳಿದರೆ. ಫೋನಿನಲ್ಲಿ ನಾವಿಬ್ಬರೂ ಒಟ್ಟೊಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಾದರೂ ನಾನು ಮುಗಿಸುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ.

ವಿಷಯ ಇಷ್ಟೆ. ಮೇ ತಿಂಗಳಿಗೆ ನನ್ನ ಮಗಳು ಬಾಬಿನ್‌ಗೆ ನಾಲ್ಕು ತುಂಬುತ್ತದೆ. ಆ ಹೆಸರು ಇಟ್ಟದ್ದು ನಮ್ಮ ಹೊಲಿಗೆ ಲೈನಿನ ಹೆಂಗಸರು. ಕೂತಲ್ಲಿ ಕೂರದೆ ಮಿಷಿನ್ನಿನ ಬಾಬಿನ್ ಥರ ಸುತ್ತುತ್ತಲೇ ಇರುತ್ತಾಳೆ ಅಂತ. ಈಗ ಅವಳಪ್ಪ ಇಟ್ಟ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆದರು ಅಂತ ಹಿಂದೆ ತಿರುಗಿ ನೋಡುತ್ತಾಳೆ.

ಅವಳು ಮೊಲೆ ಕುಡಿಯುವ ಕೂಸಾಗಿದ್ದಾಗಿನಿಂದ ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಕೂಸಿನ ಮನೆಯಲ್ಲೇ ಬೆಳೆದವಳು. ಆ ಕೋಣೆ ನಮಗೆ ಯಾರೂ ದಾನ ಕೊಟ್ಟದ್ದಲ್ಲ, ನಿನಗೆ ಗೊತ್ತು. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿ, ಯಾರದೋ ಅಂಗಿಗೆ ಕಾಲರ್ ಕೂರಿಸುವಾಗ ನಮ್ಮ ಅಂಗಿ ಒದ್ದೆಯಾಗಿ, ಸಾಕಾಗಿ, ಒಂದು ದಿನ ಮಿಷಿನ್ ನಿಲ್ಲಿಸಿ ಗೇಟಿನಲ್ಲಿ ಕೂತು ತಂದದ್ದು. ಹಳೆ ಬಟ್ಟೆ ತುಂಬಿದ್ದ ಗೋದಾಮು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ತೊಟ್ಟಿಲು ಹಾಕಿಸಿ, ಒಬ್ಬ ಆಯಾಳನ್ನು ಇಡಿಸಿದೆವು. ಮಾಲೀಕನ ಹತ್ತಿರ ಏನೂ ಕಿತ್ತುಕೊಳ್ಳಲು ಆಗುವುದಿಲ್ಲ ಅನ್ನುವವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ.

ಈಗ ನಮ್ಮ ಬೀದಿ ಕೊನೆಯಲ್ಲಿ ಒಂದು ಶಿಶುವಿಹಾರ ಇದೆ. ಸಂಜೆ ತನಕ ಇಟ್ಟುಕೊಳ್ಳುತ್ತಾರೆ. ಜೂನಿಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತಾರಂತೆ. ಕಳಿಸಬೇಕು ಅಂತ ನನ್ನ ಮನಸ್ಸು. ಅವಳಪ್ಪ ಲಾರಿಯಿಂದ ಇಳಿದ ದಿನ ಕೇಳಿದೆ. “ನಿಮ್ಮಕ್ಕ ಟೀಚರ್ ಅಲ್ವಾ, ಅವರನ್ನೇ ಕೇಳು” ಅಂದು ಮಗ್ಗುಲು ಬದಲಿಸಿದರು. ಲೈನಿನ ಹೆಂಗಸರು ತಲೆ ಮೇಲಿಂದ ಕೈ ಹಾಕಿಸಿ ಆಚೆ ಕಿವಿ ಮುಟ್ಟಿಸಿ ನೋಡಿದರು. ಬೆರಳಿಗೂ ಕಿವಿಗೂ ಇನ್ನೂ ಒಂದು ಗುಂಡಿಯಷ್ಟು ದೂರ. ಇವಳು ಸುಮ್ಮನಿದ್ದಾಳಾ? ಕತ್ತು ಬಗ್ಗಿಸಿ ಕಿವಿಯನ್ನೇ ಬೆರಳಿನ ಹತ್ತಿರ ತಂದಳು. “ಮೋಸ” ಅಂದರು ಎಲ್ಲರೂ. ಜಾಣತನ ಅಂದೆ ನಾನು.

ಇನ್ನೊಂದು ತಮಾಷೆ. ಕೂಸಿನ ಮನೆಯಲ್ಲಿ ಚಿಕ್ಕವರನ್ನು ಸಾಲಾಗಿ ಕೂರಿಸಿ, ಕೈಗೊಂದೊಂದು ಬಟ್ಟೆ ಚೂರು ಕೊಟ್ಟು, “ಕೈ ನಡೀಲಿ, ಬಾಯಿ ಬೇಡ” ಅಂತ ಗದರುತ್ತಾಳಂತೆ. ಥೇಟು ನಮ್ಮ ಸೂಪರ್‌ವೈಸರ್ ದನಿ. ಆಯಾ ಹೊಟ್ಟೆ ಹಿಡಿದು ನಗುತ್ತಾಳೆ.

ಹೇಳು, ಕಳಿಸಲಾ? ನೀನು ಹೂಂ ಅಂದರೆ ನಾಳೆಯೇ ಹೆಸರು ಬರೆಸುತ್ತೇನೆ.

ಜಾಗ ಮುಗಿಯಿತು. ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ ತಂಗಿ


ಮಾರ್ಚ್ 20

ತಂಗೀ,

ನೀನು ಮುಗಿಸುವ ತನಕ ಬಾಯಿ ಹಾಕಲಿಲ್ಲ, ನೋಡಿದೆಯಾ. ಈಗ ನನ್ನ ಸರದಿ.

ಆ ಕಿವಿ ಮುಟ್ಟಿಸುವುದು ಬಿಡು. ಅದು ಒಂದನೇ ಕ್ಲಾಸಿಗೆ, ಹುಟ್ಟಿದ ತಾರೀಕು ಗೊತ್ತಿಲ್ಲದ ಕಾಲದಲ್ಲಿ ಮಾಡುತ್ತಿದ್ದ ಅಳತೆ. ಮಗು ಏನು ಅಂಗಿಯಾ, ಟೇಪು ಹಿಡಿದು ತೋಳು ಅಳೆಯಲು? ಅಕ್ಷರ ಬರುತ್ತಾ, ಎಣಿಕೆ ಬರುತ್ತಾ ಅಂತಲೂ ನೋಡಬೇಡ. ಅದನ್ನು ಕಲಿಸಲಿಕ್ಕೆ ನಾವಿದ್ದೇವೆ. ಬಂದಿದ್ದರೆ ನಮಗೇನು ಕೆಲಸ?

ನೋಡಬೇಕಾದ್ದು ಬೇರೆ. ಒಂದಕ್ಕೆ ಬಂದರೆ ಗುರುತಿಲ್ಲದ ದೊಡ್ಡವರ ಹತ್ತಿರ ಬಾಯಿಬಿಟ್ಟು ಹೇಳುತ್ತಾಳಾ, ಇಲ್ಲಾ ಕಾಲು ಹಿಸುಕಿಕೊಂಡು ನಿಲ್ಲುತ್ತಾಳಾ? ಇನ್ನೊಂದು ಮಗು ಕೈಯಲ್ಲಿದ್ದದ್ದನ್ನು ಕಿತ್ತುಕೊಂಡರೆ ಹೊಡೆಯುವುದು ಬಿಟ್ಟು ಬೇರೇನಾದರೂ ಮಾಡಲು ಬರುತ್ತಾ? ಕಥೆ ಹೇಳಿದರೆ ಆಮೇಲೇನಾಯ್ತು ಅಂತ ಕೇಳುತ್ತಾಳಾ? ನೀನು ಬಿಟ್ಟು ಹೋದರೆ ಅಳುತ್ತಾಳೆ, ಅಳಲಿ. ಆ ಅಳು ಆಟದೊಳಗೆ ಕರಗುತ್ತಾ ಅಂತ ನೋಡು. ಇಷ್ಟಿದ್ದರೆ ಸಾಕು. ನೀನು ಬರೆದದ್ದು ನೋಡಿದರೆ ಬಾಬಿನ್‌ಗೆ ಇಷ್ಟೂ ಇದೆ, ಮೇಲೆ ಒಂದಿಷ್ಟು ತುಂಟತನ ಬಡ್ಡಿ. ಕಳಿಸು.

ಆದರೆ ಮಗುವನ್ನು ಪರೀಕ್ಷೆ ಮಾಡಿದ ಹಾಗೆ ಸ್ಕೂಲನ್ನೂ ಪರೀಕ್ಷೆ ಮಾಡು. ಒಳಗೆ ಹೋಗಿ ನೋಡು. ಗೋಡೆ ಮೇಲಿನ ಚಿತ್ರ ನೋಡಿ ಮರುಳಾಗಬೇಡ, ಅದನ್ನು ಟೀಚರೇ ಬರೆದಿರುತ್ತಾರೆ. ಕಕ್ಕಸು ನೋಡು. ನಲ್ಲಿ ಮಕ್ಕಳ ಕೈಗೆ ಎಟಕುತ್ತಾ ನೋಡು. ಮೊದಲ ದಿನವೇ ಪೆನ್ಸಿಲ್ ಹಿಡಿಸಿ ಸಾಲು ಬರೆಸುವ ಜಾಗವಾದರೆ ಎತ್ತಿಕೊಂಡು ವಾಪಸ್ ಬಾ.

ಆ ಸೂಪರ್‌ವೈಸರ್ ಆಟ ನೀನು ನಗುತ್ತಾ ಬರೆದಿದ್ದೀಯ. ನನಗೆ ನಗು ಬರಲಿಲ್ಲ ಕಣೇ. ಮಗು ಕಂಡದ್ದನ್ನು ಆಡುತ್ತದೆ. ಆ ಶೆಡ್ಡಿನಲ್ಲಿ ಕಾಣಬೇಕಾದ್ದನ್ನೆಲ್ಲ ಅವಳು ಕಂಡಾಯಿತು. ಇನ್ನು ಬೇರೆ ಏನಾದರೂ ಕಾಣಲಿ.

ನನ್ನ ಸುದ್ದಿ ವಿಶೇಷವಿಲ್ಲ. ಈಚೆಗೆ ಕೂತು ಮಾಡುವ ಕೆಲಸವೇ ಜಾಸ್ತಿ. ಮಂಡಿಗೆ ಒಳ್ಳೆಯದು.

ಅಕ್ಕ


ಏಪ್ರಿಲ್ 11

ಅಕ್ಕ,

ಯೋಚನೆ ಮಾಡಿದೆ. ಈ ವರ್ಷ ಬೇಡ ಅಂತ ತೀರ್ಮಾನ.

ನೀನು ಹೇಳಿದ್ದನ್ನೆಲ್ಲ ನೋಡಿಯೇ ಹೇಳುತ್ತಿದ್ದೇನೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕುತ್ತಾಳೆ. ಮೂಗು ಒರೆಸಿಕೊಳ್ಳಲು ಬರುವುದಿಲ್ಲ. ಮನೆಗೆ ಯಾರಾದರೂ ಬಂದರೆ ನನ್ನ ಹಿಂದೆ ಅವಿತುಕೊಳ್ಳುತ್ತಾಳೆ. ಕಿವಿಯೂ ಮುಟ್ಟುವುದಿಲ್ಲ. ರ ಅನ್ನುವಲ್ಲಿ ಲ ಅನ್ನುತ್ತಾಳೆ, ಸ್ಕೂಲಿನಲ್ಲಿ ಮಿಕ್ಕವರು ಅಣಕಿಸಿದರೆ? ಕೆಲವು ದೇಶಗಳಲ್ಲಿ ಮಕ್ಕಳನ್ನು ಇನ್ನೂ ತಡವಾಗಿ ಕಳಿಸುತ್ತಾರೆ ಅಂತ ಯೂನಿಯನ್ ಆಫೀಸಿನಲ್ಲಿ ಯಾರೋ ಹೇಳುತ್ತಿದ್ದರು. ಅವರೆಲ್ಲ ದಡ್ಡರಾ?

ಕೂಸಿನ ಮನೆಯಲ್ಲಿ ಆರಾಮಾಗಿದ್ದಾಳೆ. ಆಯಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮುಂದಿನ ವರ್ಷ ನೋಡೋಣ.

ಕೆಲಸ ಜಾಸ್ತಿ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ತಂಗಿ


ಏಪ್ರಿಲ್ 17

ತಂಗೀ,

ಹೋದ ತಿಂಗಳು ಕತ್ತು ಬಗ್ಗಿಸಿ ಕಿವಿ ಮುಟ್ಟಿದ ಜಾಣೆ, ಈ ತಿಂಗಳು ಮೂಗು ಒರೆಸಿಕೊಳ್ಳಲಾರದ ಪೆದ್ದಿ ಆದಳಾ? ಮಕ್ಕಳು ಮುಂದಕ್ಕೆ ಬೆಳೆಯುತ್ತವೆ ಅಂತ ತಿಳಿದಿದ್ದೆ. ನಿನ್ನ ಮಗಳು ಹಿಂದಕ್ಕೆ ಬೆಳೆಯುತ್ತಿದ್ದಾಳೆ.

ಚಪ್ಪಲಿ ಅದಲು ಬದಲು ಹಾಕದ ಮಗುವನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ನೀನು ಏಳು ವರ್ಷದ ತನಕ ರ ಅನ್ನಲು ಬಾರದೆ ನನ್ನನ್ನು ಕಾಡಿದ್ದೀಯ. ಈಗ ಗೇಟಿನಲ್ಲಿ ನಿಂತು ಕೂಗಿದರೆ ರಸ್ತೆಯ ಆ ಕಡೆ ಕೇಳುತ್ತದೆ.

ನಿಜ ಹೇಳು, ಏನಾಯ್ತು? ನಿಮ್ಮತ್ತೆ ಬಂದಿದ್ದಾರಾ? ಹೆಣ್ಣು ಮಗುವಿಗೆ ಇಷ್ಟು ಬೇಗ ಯಾಕೆ ಅಂದರಾ? ಅಥವಾ ಅವಳನ್ನು ಬಿಟ್ಟಿರಲು ನಿನಗೇ ಆಗುತ್ತಿಲ್ಲವಾ? ಅದರಲ್ಲಿ ನಾಚಿಕೆ ಏನಿಲ್ಲ. ಇಷ್ಟು ದಿನ ಗೋಡೆಯ ಆಚೆಗೇ ಮಗು ಇತ್ತು, ಟೀ ಬಿಡುವಿನಲ್ಲಿ ಹೋಗಿ ಮೂತಿ ನೋಡಿ ಬರುತ್ತಿದ್ದೆ. ಅನೇಕ ತಾಯಂದಿರು ಬಾಗಿಲಲ್ಲಿ ನಿಂತು ಅಳುವುದನ್ನು ನೋಡಿದ್ದೇನೆ. ಮಗು ಒಳಗೆ ಆಡುತ್ತಿರುತ್ತದೆ, ಇವರು ಹೊರಗೆ ಮೂಗು ಸೀಟುತ್ತಿರುತ್ತಾರೆ. ಎರಡು ವಾರದಲ್ಲಿ ತಾಯಂದಿರಿಗೂ ರೂಢಿಯಾಗುತ್ತದೆ. ಧೈರ್ಯ ತಂದುಕೋ. ಮಗುವಿಗಲ್ಲ, ನಿನಗೆ ಇನ್ನೂ ಸಿದ್ಧತೆ ಆಗಿಲ್ಲ, ಅಷ್ಟೆ.

ಅಕ್ಕ


ಏಪ್ರಿಲ್ 24

ಅಕ್ಕಾ,

ಅತ್ತೆ ಬಂದಿಲ್ಲ. ಬಾಗಿಲಲ್ಲಿ ಮೂಗು ಸೀಟುವ ಜಾತಿ ನಾನಲ್ಲ. ನನ್ನನ್ನು ಸಮಾಧಾನ ಮಾಡುವ ಧಾಟಿಯಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿ ಮೈ ಉರಿಯಿತು. ತಗೋ, ನಿಜ.

ಗೇಟಿನಲ್ಲಿ ಕೂತು ಕೂಸಿನ ಮನೆ ತಂದಾಗ ಒಂದು ಒಪ್ಪಂದ ಆಗಿತ್ತು. ಪ್ರತಿ ವರ್ಷ ಜೂನ್ ಮೊದಲ ಸೋಮವಾರ ಅಲ್ಲಿರುವ ಮಕ್ಕಳ ತಲೆ ಎಣಿಸುತ್ತಾರೆ. ಹನ್ನೆರಡಕ್ಕೆ ಒಂದು ಕಡಿಮೆಯಾದರೂ ಕೋಣೆ ಮತ್ತೆ ಗೋದಾಮು. ನಾವು ಒಪ್ಪಿದೆವು. ಆಗ ಕೋಣೆ ತುಂಬಿ ತುಳುಕುತ್ತಿತ್ತು, ಹನ್ನೆರಡು ಯಾವ ಲೆಕ್ಕ ಅನ್ನಿಸಿತ್ತು. ಈಗ ಕಾಯಂ ಹೆಂಗಸರಿಗೆ ಹೆರುವ ವಯಸ್ಸು ದಾಟುತ್ತಿದೆ. ಹೊಸಬರನ್ನು ಕಾಯಂ ಮಾಡಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಬಾಬಿನ್ ಸೇರಿ ಸರಿಯಾಗಿ ಹನ್ನೆರಡು ಮಕ್ಕಳಿದ್ದಾರೆ.

ಎಣಿಕೆ ಮುಗಿದ ಮೇಲೆ ಸ್ಕೂಲಿಗೆ ಹಾಕು ಅನ್ನಬೇಡ. ಶಿಶುವಿಹಾರ ತೆರೆಯುವುದೂ ಅದೇ ಸೋಮವಾರ. ಅವತ್ತು ಬಾರದ ಮಗುವಿನ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.

ಕೂಸಿನ ಮನೆ ನೋಡಿಕೊಳ್ಳುವ ನಮ್ಮ ಹೆಂಗಸರ ಕಮಿಟಿ ಸಭೆಯಲ್ಲಿ ಎದ್ದು ನಿಂತು, ಎಣಿಕೆ ತನಕ ಯಾರೂ ಮಗುವನ್ನು ಬಿಡಿಸಕೂಡದು ಅಂದವಳು ನಾನೇ. ಇಸ್ತ್ರಿಯವಳ ಮಗನಿಗೆ ಐದು ದಾಟಿದೆ, ತೊಟ್ಟಿಲಲ್ಲಿ ಕಾಲು ಹಿಡಿಸುವುದಿಲ್ಲ. ಅವಳು ಸ್ಕೂಲಿಗೆ ಹಾಕುತ್ತೇನೆ ಅಂದಳು. “ಒಂದು ವರ್ಷ ತಡೆದುಕೋ, ಹೋರಾಟಕ್ಕೆ” ಅಂದೆ. ಅವಳಿಗೆ ಹಾಗೆ ಹೇಳಿ ನನ್ನ ಮಗಳಿಗೆ ಹೊಸ ಬ್ಯಾಗು ಕೊಡಿಸಲಾ? ಅಂಥ ಮುಖ ಹೊತ್ತು ನಾನು ಲೈನಿನಲ್ಲಿ ಕೂರಲಾರೆ.

ಇನ್ನೊಂದು ಹೇಳುತ್ತೇನೆ, ಸರಿಯಾಗಿ ಓದು. ಮ್ಯಾನೇಜ್‌ಮೆಂಟಿನ ವೆಲ್ಫೇರ್ ಆಫೀಸರ್ ಈಗ ನಮ್ಮನ್ನು ಒಬ್ಬೊಬ್ಬರನ್ನೇ ಕರೆದು ಕುರ್ಚಿ ಕೊಡುತ್ತಾರೆ. “ನಿಮ್ಮ ಮಗು ಎಷ್ಟು ಚುರುಕು! ಇಲ್ಲಿ ಯಾಕೆ ಕೊಳೀಬೇಕು, ಸ್ಕೂಲಿಗೆ ಹಾಕಿ” ಅನ್ನುತ್ತಾರೆ. ಯಾವತ್ತೂ ಇಲ್ಲದ ಅಕ್ಕರೆ. ನಿನ್ನ ಕಾಗದ ಬಿಡಿಸಿ ನೋಡಿದರೆ ಅದರಲ್ಲೂ ಅದೇ ಮಾತು. ಎರಡು ಬಾಯಿಂದ ಒಂದೇ ಮಾತು ಬಂದರೆ ನನಗೆ ಅನುಮಾನ ಬರುತ್ತದೆ. ನೀನೂ ಸ್ಕೂಲಿನ ಸಂಬಳ ತಿನ್ನುವವಳು. ಮಕ್ಕಳು ಬೇಗ ಬಂದಷ್ಟೂ ನಿಮ್ಮವರಿಗೆ ಲಾಭ.

ತಂಗಿ


ಮೇ 8

ಅಕ್ಕ,

ಉತ್ತರ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಕೋಪನಾ?

ಆ ಕೊನೆಯ ಎರಡು ಸಾಲು ಹೊಡೆದುಹಾಕಬೇಕು ಅಂದುಕೊಂಡೆ. ಆಮೇಲೆ, ಬರೆದದ್ದು ಬರೆದೆ ಅಂತ ಹಾಗೇ ಅಂಟಿಸಿದೆ. ನಾನು ಬಾಯಿಬಡುಕಿ ಅಂತ ನಿನಗೆ ಹೊಸದಾಗಿ ಗೊತ್ತಾಗಬೇಕಾ? ಬೈದಾದರೂ ಬರಿ. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಬರುತ್ತದೆ, ಈ ಮೌನಕ್ಕೆ ಏನು ಕೊಡಲಿ?

ಹಾಳೆಯ ಹಿಂದೆ ಬಾಬಿನ್ ಗೀಚಿದ್ದಾಳೆ. ಅದು ಅಪ್ಪನ ಲಾರಿಯಂತೆ. ಚಕ್ರ ಎಲ್ಲಿ ಅಂದರೆ “ಬಿಚ್ಚಿ ಇಟ್ಟಿದ್ದಾಲೆ” ಅನ್ನುತ್ತಾಳೆ.

ತಂಗಿ


ಮೇ 19

ತಂಗೀ,

ನಿನ್ನ ಎರಡೂ ಕಾಗದ ನಾನು ಕೆಲಸ ಮಾಡುತ್ತಿದ್ದ ಸ್ಕೂಲಿನ ವಿಳಾಸಕ್ಕೆ ಹೋಗಿ ಅಲ್ಲೇ ಕೂತಿದ್ದವು. ಮೊನ್ನೆ ಜವಾನ ದಾರಿಯಲ್ಲಿ ಸಿಕ್ಕಿ ಕೊಟ್ಟ. ಫೋನು ಸ್ಕೂಲಿನವರದ್ದು, ಅದನ್ನೂ ಇಸಿದುಕೊಂಡರು. ಇನ್ನು ಮೇಲೆ ಮನೆ ವಿಳಾಸಕ್ಕೆ ಬರಿ.

ಹೌದು, ‘ಮಾಡುತ್ತಿದ್ದ’ ಅಂತಲೇ ಬರೆದಿದ್ದೇನೆ. ಈ ವರ್ಷದಿಂದ ನಮ್ಮಲ್ಲಿ ಸೇರುವ ಮಕ್ಕಳಿಗೆ ಇಂಟರ್‌ವ್ಯೂ ಶುರುವಾಯಿತು. ಮೂರು ವರ್ಷದ ಕೂಸನ್ನು ಕುರ್ಚಿ ಮೇಲೆ ಕೂರಿಸಿ, ಕಾಲು ನೆಲಕ್ಕೆ ಎಟಕದೆ ನೇತಾಡುತ್ತಿರುವಾಗ, ನಿಮ್ಮಪ್ಪ ಏನು ಕೆಲಸ ಮಾಡ್ತಾರೆ ಅಂತ ಕೇಳಬೇಕು. ಅದು ಪರೀಕ್ಷೆಯಲ್ಲ, ಪೊಲೀಸ್ ವಿಚಾರಣೆ. ನಾನು ಕೇಳುವುದಿಲ್ಲ ಅಂದೆ. ನನ್ನನ್ನು ಕ್ಲಾಸಿನಿಂದ ಎಬ್ಬಿಸಿ ಆಫೀಸಿನಲ್ಲಿ ರಸೀದಿಗೆ ಮೊಹರು ಒತ್ತಲು ಕೂರಿಸಿದರು. ಕೂತು ಮಾಡುವ ಕೆಲಸ ಅಂತ ನಿನಗೆ ಬರೆದದ್ದು ಅದನ್ನೇ. ಏಪ್ರಿಲ್ ಕೊನೆಗೆ ಮೊಹರಿಗೂ ನಾನು ಬೇಡವಾದೆ. ಸಂಬಳ ತಿನ್ನುವವಳು ಅಂತ ಬೈದಿದ್ದೀಯಲ್ಲ, ಅದನ್ನು ಓದುವ ಹೊತ್ತಿಗೆ ಆ ಸಂಬಳವೇ ನಿಂತಿತ್ತು. ನಗು ಬಂತು. ನಿನ್ನಾಣೆಗೂ ನಗು ಬಂತು.

ಮರುಕ ಪಡಬೇಡ. ಮುಂದಿನ ಕೋಣೆಯ ಮಂಚ ಎತ್ತಿಸಿ, ನಮ್ಮ ಬೀದಿಯ ಮಕ್ಕಳನ್ನು ಕೂರಿಸಿಕೊಂಡಿದ್ದೇನೆ. ಯಾರೂ ಯಾರ ಅಪ್ಪನ ಕೆಲಸವನ್ನೂ ಕೇಳುವುದಿಲ್ಲ. ಕೋಣೆ ತುಂಬಿದೆ, ನಾನೂ ಗಟ್ಟಿಯಾಗಿದ್ದೇನೆ.

ಈಗ ನಿನ್ನ ವಿಚಾರ. ಬಿಟ್ಟಿರಲಾರೆ ಅಂತ ನಾನು ಅಂದುಕೊಂಡದ್ದು ತಪ್ಪು. ನೀನು ಆ ಜಾತಿಯಲ್ಲ, ಒಪ್ಪಿದೆ. ಆದರೆ ನೀನು ಮಾಡುತ್ತಿರುವುದು ಅದಕ್ಕಿಂತ ಒರಟು. ಮಗು ಸಿದ್ಧವಾಗಿದ್ದಾಳಾ ಅಂತ ನೋಡುವುದು ಬಿಟ್ಟು, ಅವಳು ಎಷ್ಟನೆಯ ತಲೆ ಅಂತ ನೋಡಿದೆ. ಹೋರಾಟ ನಿನ್ನದು, ನನಗೆ ಅದರ ಮೇಲೆ ಗೌರವವಿದೆ. ಆದರೆ ಆ ಸಭೆಯಲ್ಲಿ ಬಾಬಿನ್‌ನ ಯಾರಾದರೂ ಕೇಳಿದರಾ? ಇಸ್ತ್ರಿಯವಳ ಮಗನನ್ನು? ಮ್ಯಾನೇಜ್‌ಮೆಂಟ್‌ನವರು ಕಳಿಸಿ ಅಂದರು ಅನ್ನುವ ಒಂದೇ ಕಾರಣಕ್ಕೆ ಕಳಿಸುವುದು ತಪ್ಪಾಗುವುದಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಅವರೇ ಹೇಳಿದರೆ ನೀನು ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತೀಯಾ?

ಒಂದು ನನಗೆ ಅರ್ಥವಾಗಲಿಲ್ಲ. ಅಷ್ಟು ದೊಡ್ಡ ಶೆಡ್ಡು, ಪಾಳಿ ಬಿಟ್ಟರೆ ರಸ್ತೆ ತುಂಬ ಹೆಂಗಸರು. ಹೋದ ಸಲ ಬಂದಾಗ ಕಣ್ಣಾರೆ ನೋಡಿದ್ದೇನೆ, ಮುಕ್ಕಾಲು ಪಾಲು ಎಳೆ ಹುಡುಗಿಯರು. ಅವರ್ಯಾರೂ ಹೆರುವುದಿಲ್ಲವಾ? ನೀವು ಎಣಿಸುತ್ತಿರುವುದು ಯಾರ ಮಕ್ಕಳನ್ನು?

ಅಕ್ಕ


ಜೂನ್ 6

ಅಕ್ಕಾ,

ಮೊದಲು ನಿನ್ನ ಕೆಲಸದ ವಿಚಾರ. ಅಷ್ಟೆಲ್ಲ ಆದರೂ ಒಂದು ಮಾತು ಹೇಳಲಿಲ್ಲ. ನಾನು ದೊಡ್ಡ ಹೋರಾಟಗಾರ್ತಿ ಅಂತ ಇಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದರೆ, ನೀನು ಘೋಷಣೆ ಇಲ್ಲದೆ, ಗೇಟಿಲ್ಲದೆ, ಒಬ್ಬಳೇ ಕೂತು ಮಾಡಿ ಮುಗಿಸಿದೆ. ಆ ಇಂಟರ್‌ವ್ಯೂ ಮಾಡಿದವರ ಕಾಲೂ ಒಂದು ದಿನ ನೆಲಕ್ಕೆ ಎಟಕದೆ ನೇತಾಡಲಿ.

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ. ಹೆರುತ್ತಾರೆ. ಫಿನಿಶಿಂಗ್ ಸೆಕ್ಷನ್ನಿನಲ್ಲಿ, ನಾವು ಹೊಲಿದ ಅಂಗಿಗಳ ದಾರ ಕತ್ತರಿಸುವವರು ಎಲ್ಲರೂ ಕಂಟ್ರಾಕ್ಟಿನ ಹುಡುಗಿಯರು. ಅವರ ಮಕ್ಕಳನ್ನು ಕೂಸಿನ ಮನೆಗೆ ಸೇರಿಸದೆ ಇರುವುದು ಮ್ಯಾನೇಜ್‌ಮೆಂಟ್ ಮಾಡಿದ ನಿಯಮ ಅಲ್ಲ. ನಮ್ಮದೇ ಕಮಿಟಿಯದ್ದು. ತೊಟ್ಟಿಲು ಕಡಿಮೆ, ಆಯಾ ಒಬ್ಬಳೇ, ಗೇಟಿನಲ್ಲಿ ಕೂತಾಗ ಅವರು ಬಂದಿರಲಿಲ್ಲ. ಹೀಗೆ ನಮ್ಮ ಹತ್ತಿರ ಕಾರಣಗಳಿದ್ದವು. ಬಂದಿದ್ದರೆ ಮಾರನೆಯ ದಿನ ಅವರ ಕೆಲಸ ಹೋಗುತ್ತಿತ್ತು ಅಂತ ನಮಗೆ ಗೊತ್ತಿತ್ತು. ಹತ್ತಿದ ಮೇಲೆ ಏಣಿ ಎಳೆದುಕೊಂಡಿದ್ದೆವು, ಅಷ್ಟೆ. ಮಾಲೀಕ ಒಂದು ಮಾತೂ ಆಡಬೇಕಾಗಲಿಲ್ಲ. ಅವನ ಕೆಲಸ ನಾವೇ ಪುಕ್ಕಟೆ ಮಾಡಿಕೊಟ್ಟೆವು.

ಕಾಗದ ಬಂದ ಮಾರನೆಯ ದಿನ ಟೀ ಬಿಡುವಿನಲ್ಲಿ ಫಿನಿಶಿಂಗ್‌ಗೆ ಹೋದೆ. ಅಲ್ಲೊಬ್ಬಳು ಇದ್ದಾಳೆ, ಕೈಗಿಂತ ಬಾಯಿ ಚೂಪು, ಎಲ್ಲರೂ ‘ಕತ್ತರಿ’ ಅಂತಲೇ ಕರೆಯುತ್ತಾರೆ. ಅವಳಿಗೊಂದು ಕೈಗೂಸು ಇದೆ.

“ನಿನ್ನ ಮಗನ್ನ ಕೂಸಿನ ಮನೆಗೆ ಕರ್ಕೊಂಡು ಬಾ” ಅಂದೆ.

ಅವಳು ದಾರ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಯಾಕಕ್ಕ, ತಲೆ ಕಡಿಮೆ ಬಿತ್ತಾ?”

ಏನು ಹೇಳಲಿ? “ಹೂಂ, ಬಿತ್ತು” ಅಂದೆ.

“ನಿಜ ಹೇಳಿದ್ಯಲ್ಲ, ಪುಣ್ಯ. ಸೋಮವಾರ ಎಣಿಸ್ಕೊಂಡು ಮಂಗಳವಾರ ಆಚೆ ಹಾಕ್ತೀರಾ?”

“ಹಾಕಲ್ಲ.”

“ನಿನ್ನ ಮಾತು ತಗೊಂಡು ಏನು ಮಾಡ್ಲಿ, ಕಮಿಟಿ ಮಾತು ತಾ.” ಆಮೇಲೆ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದಳು. “ನಿನ್ನ ಮಗಳು ಸ್ಕೂಲಿಗೆ ತಯಾರಾ ಇಲ್ವಾ ಅಂತ ಮೂರು ತಿಂಗಳಿಂದ ಲೈನಲ್ಲೆಲ್ಲ ಕೇಳ್ಕೊಂಡು ಓಡಾಡ್ತಿದ್ದೀಯಂತೆ. ನನ್ನ ದೊಡ್ಡ ಮಗಳಿಗೆ ಏಳು. ಅವಳು ಯಾವತ್ತೋ ತಯಾರು. ತಮ್ಮನ್ನ ಎತ್ಕೊಳ್ಳೋಕೆ ಬೇರೆ ಯಾರೂ ಇಲ್ಲ, ಅದಕ್ಕೆ ಮನೇಲಿದ್ದಾಳೆ. ಅವಳು ತಯಾರಾ ಅಂತ ನಿಮ್ಮ ಸಭೇಲಿ ಯಾವತ್ತಾದ್ರೂ ಕೇಳಿದ್ರಾ?”

ನಾನು ಬಾಯಿಬಡುಕಿ, ನಿನಗೆ ಗೊತ್ತು. ಅವತ್ತು ಅವಳ ಕತ್ತರಿಯನ್ನು ಎತ್ತಿ ಅವಳ ಕೈಗೇ ಕೊಟ್ಟು ವಾಪಸ್ ಬಂದೆ.

ಸಭೆ ಕರೆದೆ. ಅಬ್ಬಾ, ಆ ಸಭೆ. ಓವರ್‌ಲಾಕ್ ಮಿಷಿನ್ನಿನವಳು, “ನಾವು ಬಿಸಿಲಲ್ಲಿ ಕೂತು ತಂದದ್ದನ್ನ ನೆರಳಲ್ಲಿ ನಿಂತಿದ್ದವರಿಗೆ ಹಂಚ್ತೀಯಾ?” ಅಂದಳು. ನಾನು ಅಂದೆ, “ಹಂಚದೆ ಇದ್ದರೆ ಜೂನಿಗೆ ಹಂಚೋಕೆ ಏನೂ ಇರಲ್ಲ. ಅದಿರಲಿ, ಇದ್ದರೂ ಹಂಚಬೇಕಿತ್ತು. ನಾವು ಕೇಳಿದ್ದು ತಾಯಂದಿರಿಗೆ ಅಂತ, ಕಾಯಂ ತಾಯಂದಿರಿಗೆ ಅಂತಲ್ಲ. ಕಾಯಂ ಎದೇಲಿ ಮಾತ್ರ ಹಾಲು ಬರುತ್ತಾ?” ಆಯಾ ನಡುವೆ ಎದ್ದು ನಿಂತು, ತನಗೆ ಕೈ ಎರಡೇ ಇರುವುದು ಅಂತ ಎಲ್ಲರಿಗೂ ಎತ್ತಿ ತೋರಿಸಿದಳು. ಅವಳದ್ದು ನ್ಯಾಯವಾದ ಮಾತು. ಇನ್ನೊಬ್ಬ ಆಯಾ ಬೇಕು ಅಂತ ಕೇಳೋಣ, ಸಿಗುವ ತನಕ ಒಬ್ಬೊಬ್ಬರು ಟೀ ಬಿಡುವು ಬಿಟ್ಟುಕೊಟ್ಟು ಕೈ ಜೋಡಿಸೋಣ ಅಂದೆವು. ಗದ್ದಲದಲ್ಲೇ ಕೈ ಎತ್ತಿಸಿ ಎಣಿಸಿದಾಗ ಕೂದಲೆಳೆಯಲ್ಲಿ ಗೆದ್ದೆವು. ಕೊನೆಗೆ ಇಸ್ತ್ರಿಯವಳ ಹತ್ತಿರ ಹೋಗಿ, “ನಿನ್ನ ಮಗನ್ನ ಸ್ಕೂಲಿಗೆ ಹಾಕು. ಯಾರ ಮಗು ಯಾವಾಗ ಹೋಗ್ಬೇಕು ಅಂತ ಹೇಳೋ ಅಧಿಕಾರ ಈ ಸಭೆಗಿಲ್ಲ, ನನಗಂತೂ ಮೊದಲೇ ಇಲ್ಲ” ಅಂದೆ. “ಬ್ಯಾಗು ಆಗಲೇ ತಂದಿಟ್ಟಿದ್ದೆ, ನೀನು ಏನು ಮಾಡ್ಕೊಳ್ತೀಯೋ ಮಾಡ್ಕೋ ಅಂತ” ಅಂದಳು. ನೋಡು, ನನ್ನ ಅಪ್ಪಣೆಯ ಬೆಲೆ.

ಆಮೇಲೆ ಬಾಬಿನ್‌ನ ಕರೆದುಕೊಂಡು ಶಿಶುವಿಹಾರಕ್ಕೆ ಹೋದೆ. ನಲ್ಲಿ ಅವಳ ಸೊಂಟದೆತ್ತರಕ್ಕಿದೆ. ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ಒಳ್ಳೆಯದು. ಟೀಚರ್ ನೆಲದ ಮೇಲೆ ಕೂತು ಹರಿದ ಪುಸ್ತಕ ಅಂಟಿಸುತ್ತಿದ್ದರು. ಇವಳನ್ನು ಏನೂ ಕೇಳಲಿಲ್ಲ. ಇವಳೇ ಎದುರಿಗೆ ನಿಂತು ಸೊಂಟದ ಮೇಲೆ ಕೈಯಿಟ್ಟು, “ನಿಮ್ದು ಇವತ್ತಿನ ಟಾಲ್ಗೆಟ್ ಎಷ್ಟು?” ಅಂದಳು. ಅವರು ತಲೆ ಎತ್ತಿ, “ಯಾರೂ ಬೀಳಬಾರದು, ಅಷ್ಟೆ” ಅಂದರು. ಬಾಬಿನ್ ಸ್ವಲ್ಪ ಯೋಚನೆ ಮಾಡಿ ಅಂಟಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಕಾಲು ಗಂಟೆ ಕೂತಳು, ಅಕ್ಕ. ನನ್ನ ಮಗಳು ಕೂತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಹೊರಡುವಾಗ ನನ್ನ ಕೈ ಹಿಡಿದು, “ನಾಳೆನೂ ಅಂಟಿಸ್ಬೇಕಂತೆ” ಅಂದಳು. ಇನ್ನೇನು ನೋಡಬೇಕು?

ಭಾನುವಾರ ಸಂಜೆಯವರೆಗೂ ಕತ್ತರಿ, ಬರುತ್ತೇವೆ ಅಂತಲೂ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಕಂಟ್ರಾಕ್ಟರ್ ಹೆದರಿಸಿದ್ದಾನೆ ಅಂತ ಮಾತ್ರ ಕೇಳಿಬಂತು. ಸೋಮವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಿಂತಾಗ ಎರಡು ದಾರಿ. ಎಡಕ್ಕೆ ಕಾರ್ಖಾನೆ, ಬಲಕ್ಕೆ ಶಿಶುವಿಹಾರ. ಅವರು ಬಾರದೆ ಇದ್ದರೆ, ಕೂಸಿನ ಮನೆ ಮುಚ್ಚಿಸಿದವಳು ಅನ್ನಿಸಿಕೊಳ್ಳುವುದು ನಾನೇ. ಗೊತ್ತಿದ್ದೇ ಬಲಕ್ಕೆ ತಿರುಗಿದೆ. ಕಮಿಟಿಯ ಕೋಣೆ ಕಮಿಟಿ ಉಳಿಸಿಕೊಳ್ಳಲಿ, ನಾನೂ ಜೊತೆಗಿರುತ್ತೇನೆ. ಅದನ್ನು ಹೊರುವುದು ಬಾಬಿನ್ ಕೆಲಸವಲ್ಲ. ಬಾಗಿಲಲ್ಲಿ ಅವಳು ಕೈ ಬಿಟ್ಟಳು, ನಾನಿನ್ನೂ ಹಿಡಿದೇ ಇದ್ದೆ. ಹಾಂ, ನಿನ್ನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮೂಗು ಮಾತ್ರ ಸೀಟಲಿಲ್ಲ.

ಕಾರ್ಖಾನೆಗೆ ಹೋಗುವಷ್ಟರಲ್ಲಿ ವೆಲ್ಫೇರ್ ಆಫೀಸರ್ ಕೂಸಿನ ಮನೆಯ ಬಾಗಿಲಲ್ಲಿ ಪೆನ್ನು ಹಿಡಿದು ನಿಂತಿದ್ದರು. ಒಳಗೆ ಹತ್ತೇ ಮಕ್ಕಳು. ಅವರ ಮುಖದಲ್ಲಿ ಆಗಲೇ ಗೋದಾಮು ಕಾಣುತ್ತಿತ್ತು. ಗೇಟಿನ ಕಡೆ ಗಲಾಟೆ ಕೇಳಿ ನೋಡಿದರೆ ಕತ್ತರಿ, ಕಂಕುಳಲ್ಲಿ ಕೂಸು. ಅವಳ ಹಿಂದೆ ಫಿನಿಶಿಂಗ್‌ನ ಹುಡುಗಿಯರು, ಕೆಲವರ ಬೆನ್ನಿಗೆ, ಕೆಲವರ ಎದೆಗೆ, ಒಬ್ಬಳ ಎರಡೂ ಕೈಗೆ. ಸೆಕ್ಯುರಿಟಿಯವನು ಅಡ್ಡ ನಿಂತಿದ್ದ.

ಮ್ಯಾನೇಜರ್ ಇಳಿದು ಬಂದರು. “ಇವರು ಕಂಟ್ರಾಕ್ಟರ್ ಜನ. ಈ ಮಕ್ಕಳು ನಮ್ಮ ಲೆಕ್ಕಕ್ಕೆ ಬರಲ್ಲ.”

“ಅವರು ಕೈಯಾಡಿಸದೆ ನಿಮ್ಮ ಒಂದು ಅಂಗಿ ಲಾರಿ ಹತ್ತುತ್ತಾ ಸಾರ್? ಅಂಗಿ ಲೆಕ್ಕಕ್ಕೆ ಬರುತ್ತೆ, ಅದರ ದಾರ ಕತ್ತರಿಸಿದ ಕೈ ಬರುತ್ತೆ, ಆ ಕೈಯಲ್ಲಿರೋ ಕೂಸು ಬರಲ್ವಾ?” ಅಂದೆ. ಹೇಳಿ ಹೋಗಿ ನನ್ನ ಮಿಷಿನ್ ಮುಂದೆ ಕೂತೆ, ಕೈ ಮಡಿಲಲ್ಲಿಟ್ಟುಕೊಂಡು. ಪಕ್ಕದವಳೂ ಇಟ್ಟಳು. ಸಭೆಯಲ್ಲಿ ನನ್ನ ಮೇಲೆ ಕೂಗಾಡಿದ್ದ ಓವರ್‌ಲಾಕ್‌ನವಳು ಎಲ್ಲರಿಗಿಂತ ಮೊದಲೇ ಸ್ವಿಚ್ ಆರಿಸಿದ್ದಳು. ಮಿಷಿನ್‌ಗಳು ಸುಮ್ಮನಾದರೆ ನಮ್ಮ ಶೆಡ್ಡಿನಲ್ಲಿ ಫ್ಯಾನ್ ಸದ್ದು ಕೇಳುತ್ತದೆ. ಆ ಸದ್ದು ಮ್ಯಾನೇಜರ್‌ಗೆ ಆಗಿಬರುವುದಿಲ್ಲ. ಅವತ್ತು ಮಧ್ಯಾಹ್ನ ಮಾಲು ಹೊರಡಬೇಕಿತ್ತು. ಅರ್ಧ ತುಂಬಿದ ಡಬ್ಬಗಳನ್ನು ನೋಡಿದರು, ನಮ್ಮನ್ನು ನೋಡಿದರು, ಗಡಿಯಾರ ನೋಡಿದರು. ಸೆಕ್ಯುರಿಟಿಯವನು ಪಕ್ಕಕ್ಕೆ ಸರಿದ. ವೆಲ್ಫೇರ್ ಆಫೀಸರ್ ಸ್ವಲ್ಪ ಹೊತ್ತು ಎಣಿಸಿದರು. ಕೂಸುಗಳು ಬರುತ್ತಲೇ ಇದ್ದವು. ಎಣಿಸುವುದು ಬಿಟ್ಟು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ಇನ್ನೊಬ್ಬ ಆಯಾಳನ್ನು ಕೊಟ್ಟಿಲ್ಲ, ಅದಕ್ಕೆ ಮುಂದಿನ ಜಗಳ. ಒಂದೊಂದು ತೊಟ್ಟಿಲಿಗೆ ಇಬ್ಬಿಬ್ಬರು. ಆಯಾ ನಮ್ಮೆಲ್ಲರ ಹೆಸರು ಹಿಡಿದು ಶಾಪ ಹಾಕುತ್ತಾಳೆ, ಶಾಪ ಹಾಕುತ್ತಲೇ ತಟ್ಟಿ ಮಲಗಿಸುತ್ತಾಳೆ.

ಇವತ್ತು ಬೆಳಿಗ್ಗೆ ಕತ್ತರಿಯ ದೊಡ್ಡ ಮಗಳು ನಮ್ಮ ಬಾಗಿಲಿಗೆ ಬಂದಿದ್ದಳು. ದೊಡ್ಡ ಸ್ಕೂಲು ಶಿಶುವಿಹಾರದ ಪಕ್ಕದ್ದೇ, ಅಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದ್ದಾರೆ. ತನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ. ಬಾಬಿನ್‌ನ ಕೈ ಹಿಡಿದು ಕರೆದುಕೊಂಡು ಹೋದಳು. ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕ, ಆ ಹುಡುಗಿ ಸೊಂಟವನ್ನು ಒಂದು ಪಕ್ಕಕ್ಕೆ ಎತ್ತಿಟ್ಟುಕೊಂಡೇ ನಡೆಯುತ್ತಾಳೆ. ಸೊಂಟದ ಮೇಲೆ ತಮ್ಮನಿಲ್ಲ, ಆದರೂ ಜಾಗ ಹಾಗೇ ಇದೆ. ಬಾಬಿನ್ ಅವಳನ್ನು ಎಳೆದುಕೊಂಡು ಓಡಲು ನೋಡುತ್ತಿದ್ದಳು. ಬೀದಿ ತಿರುವಿನ ತನಕ ಆ ಹುಡುಗಿಗೆ ಓಡಲು ಬರಲಿಲ್ಲ. ತಿರುವು ದಾಟುವಾಗ ಒಂದೆರಡು ಹೆಜ್ಜೆ ಓಡಿದಳು.

ನಿನ್ನ ತಂಗಿ